ಹಾಲಿಲ್ಲದ, ಮೀನಿಲ್ಲದ ಥಾಯ್ ಊಟ: ಗೋಕರ್ಣ, ಕಾರವಾರ, ಶಿರಸಿಯ ಪಾರ್ಸೆಲ್‌ಗಳ ಹೋಲಿಕೆ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಒಳಗೆ ಶೆಟ್ಲಿ, ಅಂದರೆ ಸಿಗಡಿ, ಇದೆ ಎಂದು ಗೊತ್ತಾಯಿತು. ಮೀನು ತಿನ್ನುವ ಮನೆಯಲ್ಲಿ ಹುಟ್ಟಿ, ಮೀನು ತಿನ್ನುವ ಮನೆಗೇ ಮದುವೆಯಾಗಿ ಬಂದವಳು ನಾನು. ಮಳೆಗಾಲಕ್ಕೆಂದು ಬೇಸಿಗೆಯಲ್ಲಿ ಅಂಗಳದ ಚಾಪೆಯ ಮೇಲೆ ಶೆಟ್ಲಿ ಒಣಹಾಕಿ, ಕಾಗೆ ಓಡಿಸುತ್ತ ಬೆಳೆದವಳು. ಆ ವಾಸನೆ ಯಾವ ಮಸಾಲೆಯ ಕೆಳಗೆ ಅಡಗಿದ್ದರೂ ನನ್ನ ಮೂಗಿಗೆ ಸಿಗುತ್ತದೆ. ಮಗಳು ಚಮಚ ಎತ್ತುವ ಮೊದಲೇ ಅವಳ ತಟ್ಟೆಯನ್ನು ಈಚೆಗೆ ಎಳೆದುಕೊಂಡೆ. ಹಾಲು, ಮೀನು, ಮೊಟ್ಟೆ ಯಾವುದೂ ಇರಬಾರದು ಎಂದು ಫೋನಿನಲ್ಲಿ ಎರಡು ಸಲ ಹೇಳಿ, ಎರಡು ಸಲವೂ ಹೌದೆನ್ನಿಸಿಕೊಂಡು ತಂದ ಪಾರ್ಸೆಲ್ ಅದು.

ಮಗಳು ಹಾಲು, ಮೊಸರು, ತುಪ್ಪ, ಜೇನು, ಮೀನು, ಮೊಟ್ಟೆ ಎಲ್ಲವನ್ನೂ ಬಿಟ್ಟು ಮೂರು ವರ್ಷವಾಯಿತು. ಮೊದಲ ಆರು ತಿಂಗಳು ನಾನು ಜಗಳವಾಡಿದೆ. ಆಮೇಲೆ ಅವಳು ತನ್ನ ಮಾತಿಗೆ ಎಷ್ಟು ಗಟ್ಟಿಯಾಗಿ ನಿಂತಿದ್ದಾಳೆ ಎಂದು ನೋಡಿ ಸುಮ್ಮನಾದೆ. ಈಗ ಒಂದೇ ಹಟ ನನ್ನದು: ಅವಳು ಬಿಟ್ಟದ್ದನ್ನು ಅವಳಿಗೆ ತಿಳಿಯದಂತೆ ಯಾರೂ ತಿನ್ನಿಸಬಾರದು, ನಾನಂತೂ ತಿನ್ನಿಸಬಾರದು. ಬೆಂಗಳೂರಿನಲ್ಲಿ ಓದುವಾಗ ಅವಳಿಗೆ ಥಾಯ್ ಊಟದ ರುಚಿ ಹತ್ತಿತ್ತು. ಈಗ ಕುಮಟಾದ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಾಳೆ, ಬೇರೆ ಏನನ್ನೂ ಕೇಳುವುದಿಲ್ಲ. ತಿಂಗಳಿಗೊಮ್ಮೆ ಒಂದು ಒಳ್ಳೆಯ ಗ್ರೀನ್ ಕರಿ ಸಿಕ್ಕರೆ ಸಾಕು ಎನ್ನುತ್ತಾಳೆ. ಹೀಗಾಗಿ ಕಳೆದ ನವೆಂಬರಿನಿಂದ ಫೆಬ್ರವರಿಯವರೆಗೆ ಮೂರು ಕಡೆಯಿಂದ ಪಾರ್ಸೆಲ್ ತರಿಸಿ ನೋಡಿದೆ. ಗೋಕರ್ಣದ ಒಂದು ಪುಟ್ಟ ವೀಗನ್, ಅಂದರೆ ಪ್ರಾಣಿಮೂಲದ ಏನನ್ನೂ ಬಳಸದ, ಅಡುಗೆಮನೆಯಿಂದ ನಾಲ್ಕು ಸಲ, ಕಾರವಾರದ ಒಂದು ದೊಡ್ಡ ಹೋಟೆಲಿನಿಂದ ಎರಡು ಸಲ, ಶಿರಸಿಯಲ್ಲಿ ಮನೆಯಲ್ಲೇ ಮಾಡಿ ಕಳಿಸುವ ಒಬ್ಬ ಗೃಹಿಣಿಯಿಂದ ನಾಲ್ಕು ಸಲ. ಹೆಸರು ಹೇಳುವುದಿಲ್ಲ. ಊರು, ಅಡುಗೆ, ದಾರಿ ಇಷ್ಟನ್ನೇ ಹೇಳುತ್ತೇನೆ.

ಥಾಯ್ ಅಡುಗೆ ಎಂದರೆ ತೆಂಗಿನ ಹಾಲು, ತರಕಾರಿ, ಅನ್ನ, ಅದರಲ್ಲಿ ಮುಚ್ಚುಮರೆ ಏನು ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಅಲ್ಲಿ ಹಸುವಿನ ಹಾಲು ತುಪ್ಪದ ಬಳಕೆ ಕಡಿಮೆ, ಅದು ನಿಜ. ಆದರೆ ಉಪ್ಪಿನ ಜಾಗದಲ್ಲಿ ಅವರು ಹಾಕುವುದು ನಾಮ್ ಪ್ಲಾ, ಅಂದರೆ ಚಿಕ್ಕ ಮೀನನ್ನು ಉಪ್ಪಿನಲ್ಲಿ ಹೂತು, ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ನೀರು. ಕರಿಯ ಮಸಾಲೆ ಅರೆಯುವಾಗಲೇ ಕಪಿ ಸೇರುತ್ತದೆ. ಅದು ಉಪ್ಪು ಹಾಕಿ ಹುದುಗಿಸಿದ ಸಿಗಡಿಯ ಮುದ್ದೆ. ಸೊಪ್ಪು ಹುರಿಯುವಾಗ ಕಪ್ಪೆಚಿಪ್ಪಿನ ಜಾತಿಯ ಆಯಿಸ್ಟರ್‌ನಿಂದ ಮಾಡಿದ ಸಾಸ್. ಮೂರೂ ಕಣ್ಣಿಗೆ ಕಾಣುವುದಿಲ್ಲ. ಬಟ್ಟಲಿನಲ್ಲಿ ತುಂಡು ಮೀನಿಲ್ಲದಿದ್ದರೆ ನಮ್ಮ ಹೋಟೆಲಿನವರು ಅದನ್ನು ವೆಜ್ ಎಂದುಬಿಡುತ್ತಾರೆ. ಅವರಲ್ಲಿ ಅನೇಕರು ಬೇಕೆಂದೇ ಮೋಸ ಮಾಡುವವರಲ್ಲ, ಬಾಟಲಿಯ ಹಿಂದಿನ ಚೀಟಿ ಓದಿರುವುದಿಲ್ಲ ಅಷ್ಟೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನಂಬಿ ಕೂರುವಂತೆಯೂ ಇಲ್ಲ. ಹಸಿರು ಚುಕ್ಕೆಯ ಲೆಕ್ಕದಲ್ಲಿ ಹಾಲು, ತುಪ್ಪ, ಜೇನು ಎಲ್ಲ ಸಸ್ಯಾಹಾರವೇ. ವೀಗನ್ ಆಹಾರಕ್ಕೆ ನಮ್ಮ ದೇಶದಲ್ಲಿ ಪ್ರತ್ಯೇಕ ನಿಯಮ ಬಂದದ್ದು 2022ರಲ್ಲಿ, ಅದಕ್ಕೆ ಇಂಗ್ಲಿಷಿನ ವಿ ಅಕ್ಷರದ ಹಸಿರು ಗುರುತು ಬೇರೆಯೇ ಇದೆ.

ಥಾಯ್ ಜನರಲ್ಲೇ ಇದಕ್ಕೊಂದು ಹಳೆಯ ಪದವಿದೆ, ‘ಜೇ’. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಸಲ್ಲದು. ಮೇಲೆ ಈರುಳ್ಳಿ, ಬೆಳ್ಳುಳ್ಳಿಯೂ ಸಲ್ಲದು. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ, ಸರಿಸುಮಾರು ನಮ್ಮ ನವರಾತ್ರಿಯ ಹೊತ್ತಿನಲ್ಲೇ, ಫುಕೆಟ್ ಮೊದಲಾದ ಕಡೆ ಈ ವ್ರತ ದೊಡ್ಡ ಹಬ್ಬವಾಗಿ ನಡೆಯುತ್ತದೆ. ಅಂಗಡಿಗಳ ಮುಂದೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಆ ಪದ ಬರೆದಿರುತ್ತಾರೆ. ಒಂಬತ್ತು ದಿನ ಈರುಳ್ಳಿ ಬೆಳ್ಳುಳ್ಳಿ ಬಿಡುವುದು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಹೊಸದಲ್ಲವಲ್ಲ! ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಮೀನಿಲ್ಲದ ಥಾಯ್ ಊಟ ಅಸಲಿಯಲ್ಲ, ಪ್ರವಾಸಿಗರಿಗಾಗಿ ಕಟ್ಟಿದ್ದು ಎಂದು ಕಾರವಾರದ ಹೋಟೆಲಿನ ಮ್ಯಾನೇಜರ್ ನನಗೆ ಪಾಠ ಹೇಳಿದ್ದರು.

ಗೋಕರ್ಣದಿಂದ ಶುರುಮಾಡುತ್ತೇನೆ. ಕುಡ್ಲೆ ತೀರಕ್ಕೆ ಇಳಿಯುವ ದಾರಿಯಲ್ಲಿ, ಗೇರುಮರಗಳ ನಡುವೆ ಒಂದು ಹಂಚಿನ ಮನೆ. ಹಿಂದುಗಡೆ ಅಡುಗೆ, ಮುಂದುಗಡೆ ನಾಲ್ಕು ಮೇಜು. ಒಲೆಯ ಮುಂದೆ ನಿಲ್ಲುವವನು ಊರಿನ ಹುಡುಗನೇ. ಚಳಿಗಾಲದಲ್ಲಿ ಬಂದು ಉಳಿಯುತ್ತಿದ್ದ ವಿದೇಶಿಯರಿಂದ ಕಲಿತೆ ಎಂದ. ಒಳಗೆ ಮೀನು, ಹಾಲು ಬರುವುದೇ ಇಲ್ಲ. ಚಹಾಕ್ಕೂ ಗೇರುಬೀಜದ ಹಾಲು. ಆದ್ದರಿಂದ ಇಲ್ಲಿ ನಾನು ಪ್ರಶ್ನೆ ಕೇಳಬೇಕಾಗಲೇ ಇಲ್ಲ, ಆ ನೆಮ್ಮದಿಯ ಬೆಲೆ ನನ್ನಂಥವಳಿಗೇ ಗೊತ್ತು. ಕರಿಯಲ್ಲಿ ಸೋಯಾ ಹಾಲಿನಿಂದ ಮಾಡಿದ ತೋಫು, ಅಣಬೆ, ಬೇಬಿಕಾರ್ನ್. ತೆಂಗಿನ ಹಾಲು ಅಲ್ಲೇ ಹಿಂಡಿದ್ದು. ಮಸಾಲೆ ಮಾತ್ರ ಗೋವೆಯಿಂದ ತರಿಸುವ ಡಬ್ಬಿಯದು. ಕೇಳದಿದ್ದರೂ ಡಬ್ಬಿ ತಂದು ತೋರಿಸಿದ, ಅದರಲ್ಲಿ ಸಿಗಡಿ ಇರಲಿಲ್ಲ.

ಅಲ್ಲೇ ಕುಳಿತು ತಿಂದರೆ ಇದು ತುಂಬ ಒಳ್ಳೆಯ ಊಟ. ಪಾರ್ಸೆಲ್ ಆಗಿ ಮೂವತ್ತು ಕಿಲೋಮೀಟರ್ ದಾಟಿ ಕುಮಟಾಕ್ಕೆ ಬಂದಾಗ ಅರ್ಧ ಗುಣ ದಾರಿಯಲ್ಲೇ ಉಳಿದಿರುತ್ತದೆ. ಸಾಣಿಕಟ್ಟಾದ ಉಪ್ಪಿನ ಗದ್ದೆಗಳನ್ನು ದಾಟಿ ಹೆದ್ದಾರಿಗೆ ಬರುವಷ್ಟರಲ್ಲೇ ಪ್ಲಾಸ್ಟಿಕ್ ಚೀಲದೊಳಗೆ ಅನ್ನ ಬೆವರತೊಡಗುತ್ತದೆ. ಬಿಸಿ ಕರಿಯನ್ನು ಚೀಲಕ್ಕೆ ಸುರಿದು, ಗಾಳಿ ತುಂಬಿಸಿ, ರಬ್ಬರ್ ಹಾಕಿ ಬಿಗಿಯುವುದು ಬ್ಯಾಂಕಾಕಿನ ಬೀದಿಯಲ್ಲೂ ಇರುವ ಪದ್ಧತಿಯಂತೆ. ಇರಲಿ, ಕುದಿಯುವ ಎಣ್ಣೆಪದಾರ್ಥವನ್ನು ತೆಳ್ಳಗಿನ ಪ್ಲಾಸ್ಟಿಕ್ಕಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಮೂರನೆಯ ಸಲದಿಂದ ನಮ್ಮ ಸ್ಟೀಲ್ ಕ್ಯಾರಿಯರನ್ನೇ ಒಯ್ದೆ. ಹುಡುಗ ಸಂತೋಷದಿಂದ ಅದಕ್ಕೇ ಹಾಕಿಕೊಟ್ಟ. ಬಿಸಿಯೂ ಉಳಿಯಿತು, ಕಾಮಕಸ್ತೂರಿಯ ಎಲೆಯೂ ಕಪ್ಪಾಗದೆ ಬಂತು.

ಕಾಮಕಸ್ತೂರಿ ಎಂದು ಬರೆದದ್ದು ತಿಳಿದೇ. ಥಾಯ್ ಕರಿಗೆ ಕೊನೆಯಲ್ಲಿ ಹಾಕುವ ಹೊರಾಪ ಎಂಬ ಎಲೆ ನಮ್ಮ ಹಿತ್ತಲಿನ ಕಾಮಕಸ್ತೂರಿಯ ಜಾತಿಯದೇ, ತಳಿ ಬೇರೆ. ಹಾಗೆಯೇ ಅವರು ಮೆಣಸು ಬೆಳ್ಳುಳ್ಳಿಯ ಜೊತೆ ಹುರಿಯುವ ಕಪ್ರಾವ್ ಎಂದರೆ ತುಳಸಿ. ಅದನ್ನು ಕೇಳಿದಾಗ ನಮ್ಮ ಅತ್ತೆ ಕೈಮುಗಿದರು, ಒಗ್ಗರಣೆಗೆ ತುಳಸಿ ಹಾಕಲು ಈ ಮನೆಯಲ್ಲಿ ಯಾರಿಗೂ ಮನಸ್ಸು ಬರಲಾರದು.

ಕಾರವಾರಕ್ಕೆ ಬರುತ್ತೇನೆ. ನನ್ನ ಕಚೇರಿ ಅಲ್ಲೇ ಇರುವುದರಿಂದ ಸಂಜೆ ಪಾರ್ಸೆಲ್ ಹಿಡಿದು ರೈಲು ಹತ್ತಿದರೆ ಅಂಕೋಲೆ, ಗೋಕರ್ಣ ರೋಡ್ ದಾಟಿ ಒಂದು ಗಂಟೆಯ ಆಸುಪಾಸಿನಲ್ಲಿ ಕುಮಟಾ. ಸೌಕರ್ಯದ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಮುಂದು. ಹೋಟೆಲ್ ದೊಡ್ಡದು, ಪಟ್ಟಿಯಲ್ಲಿ ಉತ್ತರ ಭಾರತದ್ದು, ಚೀನೀ, ಕೊನೆಯ ಪುಟದಲ್ಲಿ ಆರು ಬಗೆಯ ಥಾಯ್. ಮೊದಲ ಸಲ ಬಂದದ್ದು ಪನೀರ್ ಹಾಕಿದ ಗ್ರೀನ್ ಕರಿ. ತೋಫು ಎಂದಿದ್ದೆನಲ್ಲ ಎಂದು ಕೇಳಿದರೆ, ಸೋಯಾ ಪನೀರ್ ಎಂದು ಅಡುಗೆಯವರಿಗೆ ಹೇಳಿದ್ದೆ, ಅವರು ಸೋಯಾ ಬಿಟ್ಟು ಪನೀರ್ ಹಾಕಿದರು ಎಂದು ಕೌಂಟರಿನವರು ಹೇಳಿದರು. ಈ ತಪ್ಪು ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ತೋಫುವನ್ನು ಸೋಯಾ ಪನೀರ್ ಎಂದೇ ಮಾರುತ್ತಾರೆ, ಮಾತು ಕೌಂಟರಿನಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಒಂದು ಪದ ಉದುರುವುದು ಸಹಜ. ತಪ್ಪನ್ನು ಒಪ್ಪಿ ಹಣ ವಾಪಸು ಕೊಟ್ಟರು.

ಎರಡನೆಯದು, ಮೊದಲು ಹೇಳಿದ ಶೆಟ್ಲಿಯ ಡಬ್ಬಿ. ಮರುದಿನ ಊಟದ ಬಿಡುವಿನಲ್ಲಿ ಹೋಟೆಲಿಗೇ ಹೋದೆ. ಗಲಾಟೆ ಮಾಡಲಿಲ್ಲ, ಮಸಾಲೆಯ ಡಬ್ಬಿ ನೋಡಬೇಕು ಎಂದೆ. ಒಳಗಿನಿಂದ ಒಬ್ಬ ಹುಡುಗ ತಂದುಕೊಟ್ಟ. ಮುಂದೆ ಹಸಿಮೆಣಸಿನ ಚಿತ್ರ, ಕಾಮಕಸ್ತೂರಿಯ ಚಿತ್ರ. ಹಿಂದೆ ಸಾಸಿವೆ ಕಾಳಿನಷ್ಟು ಚಿಕ್ಕ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ. ಏಳನೆಯದು ಶ್ರಿಂಪ್ ಪೇಸ್ಟ್. ಮ್ಯಾನೇಜರಿಗೆ ತೋರಿಸಿದೆ. “ಅದು ಪೇಸ್ಟ್ ಮೇಡಂ, ಶ್ರಿಂಪ್ ಅಲ್ಲ” ಎಂದರು. ಆಮೇಲೆಯೇ ಮೀನಿಲ್ಲದ ಥಾಯ್ ಅಸಲಿಯಲ್ಲ ಎಂಬ ಪಾಠ ಬಂದದ್ದು. ನನಗೆ ನಿಜವಾಗಿ ಸಿಟ್ಟು ಬಂದದ್ದು ಆ ಮಾತಿಗೆ. ಪನೀರ್ ಹಾಕಿದಾಗ ತಪ್ಪಾಯಿತು ಎಂದಿದ್ದರು. ಇಲ್ಲಿ ತಪ್ಪನ್ನೇ ತಪ್ಪಲ್ಲ ಎನ್ನುತ್ತಿದ್ದರು. ಕಟ್ಟುನಿಟ್ಟಿನ ಸಸ್ಯಾಹಾರಿಗಳು, ಸಿಗಡಿ ತಿಂದರೆ ಮೈಯೆಲ್ಲ ದದ್ದು ಏಳುವವರು, ಉಸಿರು ಕಟ್ಟುವವರು ಅದೇ ಕೌಂಟರಿನಲ್ಲಿ ವೆಜ್ ಎಂದು ನಂಬಿ ಕೊಳ್ಳುತ್ತಾರೆ. ಅದನ್ನು ಹೇಳಿ ಬಂದೆ. ಮೂರನೆಯ ಸಲ ಅಲ್ಲಿಗೆ ಹೋಗಲಿಲ್ಲ.

ರುಚಿಯ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ, ನನ್ನ ಗಂಡ ಆ ಎರಡನೆಯ ಡಬ್ಬಿಯನ್ನು ಪೂರ್ತಿ ತಿಂದರು, ಚೆನ್ನಾಗಿದೆ ಎಂದರು. ಮೀನು ತಿನ್ನುವವರಿಗೆ ಅದು ಒಳ್ಳೆಯ ಕರಿಯೇ.

ಶಿರಸಿಯ ವಿಷಯ ಗೊತ್ತಾದದ್ದು ಕಚೇರಿಯ ಸಹೋದ್ಯೋಗಿಯಿಂದ. ಗಂಡನ ಕೆಲಸದ ನಿಮಿತ್ತ ಕೆಲವು ವರ್ಷ ಬ್ಯಾಂಕಾಕಿನಲ್ಲಿದ್ದು ಊರಿಗೆ ಮರಳಿದ ಒಬ್ಬರು ಮನೆಯಲ್ಲೇ ಮಾಡಿ ಕೊಡುತ್ತಾರೆ, ಬೇಕಾದರೆ ಬಸ್ಸಿಗೂ ಹಾಕುತ್ತಾರೆ ಎಂದರು. ಒಂದು ದಿನ ಮೊದಲು ಹೇಳಬೇಕು, ಕನಿಷ್ಠ ನಾಲ್ಕು ಊಟ ಹೇಳಬೇಕು. ಘಟ್ಟದ ಮೇಲಿನಿಂದ ತೆಂಗಿನ ಹಾಲಿನ ಪದಾರ್ಥ ಬಸ್ಸಿನಲ್ಲಿ ಬರುವುದೆಂದರೆ ನನಗೆ ನಂಬಿಕೆಯೇ ಹುಟ್ಟಲಿಲ್ಲ. ದೇವಿಮನೆ ಘಟ್ಟದ ತಿರುವುಗಳಲ್ಲಿ ಮನುಷ್ಯರ ಹೊಟ್ಟೆಯೇ ತೊಳಸುತ್ತದೆ, ಇನ್ನು ಕಾಯಿಹಾಲಿನ ಗತಿ ಏನು?

ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡ ಚೀಲವನ್ನು ಮನೆಯಲ್ಲಿ ಬಿಚ್ಚಿದಾಗ ಆಕೆ ಅದನ್ನೆಲ್ಲ ಮೊದಲೇ ಯೋಚಿಸಿದ್ದಾರೆ ಎಂದು ತಿಳಿಯಿತು. ಹಳೆಯ ಕಾಲದ ಮೂರು ಅಂತಸ್ತಿನ ಕ್ಯಾರಿಯರ್, ಸುತ್ತ ಟವೆಲ್. ಕೆಳಗೆ ಅನ್ನ, ಬಾಳೆ ಎಲೆಯಲ್ಲಿ ಕಟ್ಟಿದ್ದು. ನಡುವೆ ಕರಿ. ಮೇಲೆ ಹಸಿ ಪಪ್ಪಾಯಿಯ ಎಳೆ, ಅದರ ಮಸಾಲೆ ಪ್ರತ್ಯೇಕ ಪೊಟ್ಟಣದಲ್ಲಿ. ಪಕ್ಕದಲ್ಲಿ ಒಂದು ಗಾಜಿನ ಬಾಟಲಿ, ಅದರೊಳಗೆ ಮೊದಲ ಹಾಲು. ತರಕಾರಿಯನ್ನು ಎರಡನೆಯ, ಮೂರನೆಯ ಹಿಂಡಿನ ತೆಳು ಹಾಲಿನಲ್ಲಿ ಬೇಯಿಸಿ ಕ್ಯಾರಿಯರಿಗೆ ಹಾಕಿದ್ದರು. ದಪ್ಪ ಹಾಲನ್ನು ಚಿಟಿಕೆ ಉಪ್ಪಿನೊಂದಿಗೆ ಒಮ್ಮೆ ಬಿಸಿಮಾಡಿ, ಆರಿಸಿ, ಬಾಟಲಿಗೆ ತುಂಬಿದ್ದರು. ಕರಿ ಬಿಸಿಯಾದ ಮೇಲೆ ಈ ಹಾಲು ಸುರಿದು ಕುದಿ ಬರುವ ಮೊದಲೇ ಇಳಿಸಿ ಎಂದು ಚೀಟಿಯಲ್ಲಿ ಬರೆದಿತ್ತು. ಮಧ್ಯಾಹ್ನ ಒಂದೂಕಾಲಕ್ಕೆ ಬಂದ ಪದಾರ್ಥ ಒಂದೂವರೆಗೆ ಆಗತಾನೆ ಒಲೆಯಿಂದ ಇಳಿಸಿದಂತೆ ತಟ್ಟೆಯಲ್ಲಿತ್ತು. ಹಾಲು ಒಡೆದಿರಲಿಲ್ಲ.

ಬಣ್ಣ ನೋಡಿ ಮಗಳ ಮುಖ ಅರಳಿತು. ಗಾಢ ಹಸಿರಲ್ಲ, ಭತ್ತದ ಸಸಿಮಡಿಯ ಎಳೆ ಹಸಿರು. ಈ ಕರಿಗೆ ಥಾಯ್ ಭಾಷೆಯಲ್ಲಿ ಗೇಂಗ್ ಖಿಯಾವ್ ವಾನ್ ಎನ್ನುತ್ತಾರೆ. ಖಿಯಾವ್ ಎಂದರೆ ಹಸಿರು, ವಾನ್ ಎಂದರೆ ಸಿಹಿ. ಆ ಸಿಹಿ ರುಚಿಯದಲ್ಲ, ಬಣ್ಣದ ಮೆದುತನದ್ದು ಎಂದು ಆಕೆಯೇ ಆಮೇಲೆ ಫೋನಿನಲ್ಲಿ ಹೇಳಿದರು. ಹೋಟೆಲಿನವರು ಇದನ್ನು ತಿಳಿಯದೆ ಸಕ್ಕರೆ ಸುರಿಯುತ್ತಾರೆ. ಕಾರವಾರದ್ದು ಹಾಗೆಯೇ ಇತ್ತು, ಗೋಕರ್ಣದ್ದರಲ್ಲೂ ಸಿಹಿ ಸ್ವಲ್ಪ ಮುಂದು.

ಶಿರಸಿಯವರು ಮಸಾಲೆಯನ್ನು ಒರಳಿನಲ್ಲಿ ಕುಟ್ಟುತ್ತಾರೆ. ಸೂಜಿಮೆಣಸು, ಮಜ್ಜಿಗೆ ಹುಲ್ಲಿನ, ಅಂದರೆ ನಿಂಬೆಹುಲ್ಲಿನ ಬುಡ, ದುಂಪರಾಸ್ಮೆಯ ಗಡ್ಡೆ, ಬೋಳುಕಾಳು ಎಂಬ ಬಿಳಿ ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಚಿಕ್ಕ ಈರುಳ್ಳಿ. ಇದರ ಮೇಲೆ ಕೊತ್ತಂಬರಿಯ ಬೇರು. ಸಂತೆಯಲ್ಲಿ ಬೇರು ಸಮೇತ ತಂದ ಕಟ್ಟಿನಿಂದ ನಾವು ಮೊದಲು ಕಿತ್ತು ಎಸೆಯುವುದೇ ಆ ಬೇರನ್ನು. ಥಾಯ್ ಮಸಾಲೆಯ ಪ್ರಾಣ ಅದರಲ್ಲೇ ಇದೆಯಂತೆ. ದುಂಪರಾಸ್ಮೆ ಶುಂಠಿಯ ಬಳಗದ್ದು, ನಮ್ಮಲ್ಲಿ ಅದು ಕಷಾಯಕ್ಕೆ ಮಾತ್ರ ನೆನಪಾಗುತ್ತದೆ. ಶುಂಠಿ ಹಾಕಿದರೆ ಆಗುವುದಿಲ್ಲವೇ ಎಂದು ಕೇಳಿದೆ. “ಶುಂಠಿ ಹಾಕಿದರೆ ಅದು ನಮ್ಮ ಸಾಗು ಆಗುತ್ತದೆ” ಎಂದರು. ಮಕ್ರೂಟ್ ಲಿಂಬೆಯ ಗಿಡ ಅವರ ಅಂಗಳದ ಕುಂಡದಲ್ಲಿದೆ. ಅದರ ಎಲೆ ಎರಡು ಎಲೆ ಅಂಟಿಸಿದ ಹಾಗೆ ಇರುತ್ತದೆ, ನಡುವಿನ ನಾರು ತೆಗೆದು ಕೂದಲಿನಷ್ಟು ಸಣ್ಣಗೆ ಹೆಚ್ಚಬೇಕು. ಎಲೆ ಸಾಲದ ದಿನ ತೋಟದ ಕಂಚಿ ಎಂಬ ಹುಳಿಹಣ್ಣಿನ ಗಿಡದ ಎಳೆ ಚಿಗುರು ಹಾಕುತ್ತಾರೆ. ವ್ಯತ್ಯಾಸ ಮಗಳಿಗೆ ತಿಳಿಯಿತು, ನನಗೆ ತಿಳಿಯಲಿಲ್ಲ.

ತೋಫು ಇಲ್ಲ. ಮೊದಲ ಸಲ ಉಪ್ಪು ನೀರಿನಲ್ಲಿಟ್ಟಿದ್ದ ಕಳಲೆ, ಮತ್ತೊಮ್ಮೆ ಸುಂಡೆಕಾಯಿ, ಫೆಬ್ರವರಿಯಲ್ಲಿ ಎಳೆ ಹಲಸು. ಕಳಲೆಯೂ ಸುಂಡೆಯೂ ಥಾಯ್ ಕರಿಗೆ ಹೊರಗಿನವಲ್ಲ. ಬೇಲಿಯ ಮೇಲೆ ಗೊಂಚಲು ಗೊಂಚಲಾಗಿ ಬಿಡುವ ನಮ್ಮ ಸುಂಡೆಯನ್ನೇ ಅಲ್ಲಿ ಬಟಾಣಿ ಬದನೆ ಎಂದು ಹಾಕುತ್ತಾರೆ. ಹಲ್ಲಿಗೆ ಸಿಕ್ಕಾಗ ಪಟ್ಟನೆ ಒಡೆದು ಕಹಿ ಬಿಡುತ್ತದೆ, ಆ ಕಹಿಯ ಹಿಂದೆಯೇ ಕಾಯಿಹಾಲು ಬಂದು ನಾಲಿಗೆಯನ್ನು ಸಮಾಧಾನಪಡಿಸುತ್ತದೆ. ಗೋಕರ್ಣದ ಬೇಬಿಕಾರ್ನಿಗೆ ಈ ಗುಣ ಎಲ್ಲಿಂದ ಬರಬೇಕು?

ಇನ್ನು ಉಪ್ಪಿನ ಮಾತು. ಈ ಇಡೀ ಹೋಲಿಕೆಯಲ್ಲಿ ನನಗೆ ಅತ್ಯಂತ ದೊಡ್ಡ ಸಂಗತಿ ಎನಿಸಿದ್ದು ಇದು. ಮೊದಲ ತುತ್ತಿಗೇ ನಾನು ಗಾಬರಿಯಾದೆ, ಏಕೆಂದರೆ ಅದರಲ್ಲಿ ಮೀನಿನ ನೀರು ಕೊಡುವಂಥ ಆಳವಾದ, ಹಳೆಯ ಉಪ್ಪಿನ ರುಚಿ ಇತ್ತು. ಸೋಯಾ ಸಾಸಿನ ರುಚಿ ಅಲ್ಲ, ಅದು ಗೋಕರ್ಣದಲ್ಲಿ ತಿಂದು ಗೊತ್ತಿತ್ತು. ತಟ್ಟೆ ಪಕ್ಕಕ್ಕಿಟ್ಟು ಫೋನ್ ಮಾಡಿದೆ. ಆಕೆ ಬೇಸರಿಸಲಿಲ್ಲ. “ಅದು ಮಿಡಿಯ ನೀರು” ಎಂದರು. ಅಪ್ಪೆಮಿಡಿ ಎಂಬ ಎಳೆ ಮಾವಿನಕಾಯಿಯನ್ನು ಉಪ್ಪಿನಕಾಯಿಗೆಂದು ಭರಣಿಯಲ್ಲಿ ಕಲ್ಲುಪ್ಪಿನೊಂದಿಗೆ ಪದರ ಪದರವಾಗಿ ಹಾಕಿಟ್ಟಾಗ ಮಿಡಿ ಚಿರುಟಿ, ನೀರು ಬಿಡುತ್ತದಲ್ಲ, ಆ ನೀರು. ಖಾರ ಹಾಕುವ ಮೊದಲೇ ಒಂದು ಬಾಟಲಿ ತೆಗೆದಿಟ್ಟುಕೊಳ್ಳುತ್ತಾರಂತೆ. ಒಂದು ವರ್ಷ ಕಳೆದದ್ದನ್ನೇ ಬಳಸುತ್ತಾರೆ. ಜೀರಿಗೆ ಪರಿಮಳದ ಮಿಡಿಯಾದರೆ ಇನ್ನೂ ಒಳ್ಳೆಯದು. ಬ್ಯಾಂಕಾಕಿನಲ್ಲಿದ್ದಾಗ ಮೀನಿನ ಬಾಟಲಿಗೆ ಬದಲಿ ಹುಡುಕುತ್ತ, ತವರಿನಿಂದ ಒಯ್ದ ಉಪ್ಪಿನಕಾಯಿಯ ಭರಣಿ ನೋಡಿ ಹೊಳೆದದ್ದು ಎಂದರು.

ಯೋಚಿಸಿದಷ್ಟೂ ಸರಿ ಎನಿಸಿತು. ಸಮುದ್ರದವರು ಮೀನನ್ನು ಉಪ್ಪಿನಲ್ಲಿಟ್ಟು ಕಾಯುತ್ತಾರೆ, ಘಟ್ಟದವರು ಮಿಡಿಯನ್ನು ಉಪ್ಪಿನಲ್ಲಿಟ್ಟು ಕಾಯುತ್ತಾರೆ. ಎರಡರಲ್ಲೂ ಕೆಲಸ ಮಾಡುವುದು ಉಪ್ಪು ಮತ್ತು ಕಾಲ. ಸೋಯಾ ಸಾಸು ಉಪ್ಪು ಕೊಟ್ಟರೂ ಬಣ್ಣ ಕೆಡಿಸುತ್ತದೆ, ಕಂದು ತಿರುಗಿಸುತ್ತದೆ. ಮಿಡಿಯ ನೀರು ಉಪ್ಪಿನ ಜೊತೆ ಹುಳಿಯನ್ನೂ ಸೊನೆಯ ಪರಿಮಳವನ್ನೂ ತರುತ್ತದೆ, ಹಸಿರನ್ನು ಮುಟ್ಟುವುದಿಲ್ಲ. ಮಗಳಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಏನೂ ಮಾತಾಡದೆ ತಿಂದಳು, ಆಮೇಲೆ ಬಟ್ಟಲನ್ನು ಬೆರಳಿನಿಂದ ಸವರಿ ಮುಗಿಸಿದಳು. ಚಿಕ್ಕವಳಿದ್ದಾಗ ಅಪ್ಪೆಹುಳಿಯ ಲೋಟವನ್ನು ಹಾಗೆಯೇ ಸವರುತ್ತಿದ್ದಳು.

ಶಿರಸಿಯದು ಎಲ್ಲದರಲ್ಲೂ ಮುಂದು ಎಂದು ಹೇಳಲಾರೆ. ನೂಡಲ್ಸ್ ಅವರು ಮಾಡುವುದೇ ಇಲ್ಲ, ಬಸ್ಸಿಗೆ ಹಾಕುವ ಪದಾರ್ಥವಲ್ಲ ಅದು ಎನ್ನುತ್ತಾರೆ. ಆ ಮಾತಿನ ಸತ್ಯ ಗೋಕರ್ಣದ ಪಾರ್ಸೆಲ್ ಬಿಚ್ಚಿದಾಗ ಗೊತ್ತಾಗಿತ್ತು. ಪ್ಯಾಡ್ ಥಾಯ್ ಎಂಬ ಹುರಿದ ತಿನಿಸಿಗೆ ಬೇಕಾದದ್ದು ಅಕ್ಕಿಯ ನೂಡಲ್ಸ್. ನಮ್ಮ ಒತ್ತುಶಾವಿಗೆ ಬೆಳಗ್ಗೆ ಮೆತ್ತಗಿದ್ದದ್ದು ಸಂಜೆಗೆ ದಾರದಂತಾಗುವುದನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ, ತಣ್ಣಗಾದಂತೆ ಅಕ್ಕಿಯ ಪಿಷ್ಟ ಬಿಗಿಯುತ್ತದೆ. ಮುಕ್ಕಾಲು ಗಂಟೆಯ ದಾರಿಯಲ್ಲಿ ಅದು ಒಂದೇ ಮುದ್ದೆ, ಮೇಲೆ ಹಾಕಿದ ಶೇಂಗಾಪುಡಿ ಒದ್ದೆ, ಮೊಳಕೆ ಕಾಳು ಬಾಡಿದ್ದು. ಇಡ್ಲಿ ಅಟ್ಟದಲ್ಲಿ ನೀರು ಚಿಮುಕಿಸಿ ಮೂರು ನಿಮಿಷ ಹಬೆ ಕೊಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತದೆ, ಬಾಣಲೆಯಲ್ಲಿ ಮತ್ತೆ ಹುರಿದರೆ ಮಾತ್ರ ತುಂಡು ತುಂಡು. ಅದೇ ಪ್ಯಾಡ್ ಥಾಯ್ ಅನ್ನು ಕುಡ್ಲೆಯ ಆ ಮೇಜಿನ ಮೇಲೆ, ಬಾಣಲೆಯಿಂದ ನೇರ ತಟ್ಟೆಗೆ ಬಂದಾಗ ತಿಂದರೆ ಹುಣಸೆಹಣ್ಣು, ಬೆಲ್ಲ, ಸುಟ್ಟ ಮೆಣಸು ಮೂರೂ ಬೇರೆ ಬೇರೆಯಾಗಿ ನಾಲಿಗೆಗೆ ಸಿಗುತ್ತವೆ. ಮೊಟ್ಟೆ, ಒಣಸಿಗಡಿ ಇಲ್ಲ ಎಂಬುದು ನೆನಪಿಗೇ ಬರುವುದಿಲ್ಲ. ನೂಡಲ್ಸ್ ಬೇಕಾದವರು ಗೋಕರ್ಣಕ್ಕೆ ಹೋಗಿ ತಿನ್ನಿ, ಕಟ್ಟಿಸಿಕೊಂಡು ಬರಬೇಡಿ.

ಸೋಮ್ ತಮ್ ಎಂಬ ಹಸಿ ಪಪ್ಪಾಯಿಯ ಕೋಸಂಬರಿ ದಾರಿ ತಾಳುವುದರಲ್ಲಿ ಕರಿ, ನೂಡಲ್ಸ್ ಎರಡರ ಮಧ್ಯದ್ದು. ಗೋಕರ್ಣದಲ್ಲಿ ಕಲಸಿಯೇ ಕೊಟ್ಟಿದ್ದರು, ಮನೆಗೆ ಬರುವಷ್ಟರಲ್ಲಿ ನೀರು ಬಿಟ್ಟು ತೇಲುತ್ತಿತ್ತು. ಶಿರಸಿಯಿಂದ ಎಳೆ ಬೇರೆ, ರಸ ಬೇರೆ ಬಂದದ್ದರಿಂದ ನಾವೇ ಒರಳಿನಲ್ಲಿ ಹಾಕಿ ನಾಲ್ಕು ಪೆಟ್ಟು ಕೊಟ್ಟು ತಿಂದೆವು. ಅದಕ್ಕೆ ಅವರು ತಾಳೆಬೆಲ್ಲದ ಬದಲು ಕಬ್ಬಿನ ನೀರುಬೆಲ್ಲವಾದ ಜೋನಿಬೆಲ್ಲ ಹಾಕುತ್ತಾರೆ. ರುಚಿ ಸ್ವಲ್ಪ ನಮ್ಮೂರಿನ ಕಡೆಗೇ ವಾಲುತ್ತದೆ, ಮಗಳಿಗೆ ಅದು ಅಷ್ಟು ಹಿಡಿಸಲಿಲ್ಲ. ಮೊದಲ ಸಲ ಖಾರವೂ ಸಾಲಲಿಲ್ಲ. ಹೇಳಿದ ಮೇಲೆ ಎರಡನೆಯ ಸಲ ಸೂಜಿಮೆಣಸನ್ನು ಪ್ರತ್ಯೇಕ ಕಳಿಸಿದರು.

ಅನ್ನದಲ್ಲಿ ಗೋಕರ್ಣವೇ ಮೇಲು. ಥಾಯ್ ಜಾಸ್ಮಿನ್ ಅಕ್ಕಿ ತರಿಸುತ್ತಾರೆ. ಆ ಅಕ್ಕಿ ತಣಿದರೂ ಮೆತ್ತಗಿರುತ್ತದೆ, ಪರಿಮಳ ಇರುತ್ತದೆ. ಶಿರಸಿಯದು ಮಾಮೂಲಿ ಬೆಳ್ತಿಗೆ ಅಕ್ಕಿ, ಬಾಳೆ ಎಲೆಯ ಪರಿಮಳ ಹೊರತು ವಿಶೇಷವಿಲ್ಲ. ಟಾಮ್ ಯಮ್ ಸಾರನ್ನು ಗೋಕರ್ಣದಲ್ಲಿ ಮಾತ್ರ ತರಿಸಿದ್ದೆ, ಚೆನ್ನಾಗಿತ್ತು. ಸ್ಪ್ರಿಂಗ್ ರೋಲ್ ಯಾವ ಊರಿನದೂ ದಾರಿ ದಾಟುವುದಿಲ್ಲ.

ಹಣದ ಲೆಕ್ಕ ಹೀಗೆ: ಗೋಕರ್ಣದಲ್ಲಿ ಅನ್ನ ಸಹಿತ ಕರಿಗೆ 320 ರೂಪಾಯಿ, ಹೋಗಿಬರುವ ಪೆಟ್ರೋಲ್ ಬೇರೆ. ಕಾರವಾರದಲ್ಲಿ ಕರಿಗೆ 280, ಅನ್ನಕ್ಕೆ 90. ಶಿರಸಿಯಲ್ಲಿ ಕರಿ, ಅನ್ನ, ಸೋಮ್ ತಮ್ ಸೇರಿ ಒಂದು ಊಟಕ್ಕೆ 230, ನಾಲ್ಕು ಊಟದ ಮೇಲೆ ಬಸ್ಸಿನ ಖರ್ಚು ಐವತ್ತು. ಒರಳಿನಲ್ಲಿ ಕುಟ್ಟಿದ, ಕಾಯಿ ತುರಿದು ಮೂರು ಸಲ ಹಿಂಡಿದ ಅಡುಗೆಗೆ 230 ಕಡಿಮೆಯಾಯಿತು ಎಂದು ನಾನೇ ಆಕೆಗೆ ಹೇಳಿದ್ದೇನೆ.

ಬೇರೆ ಊರಿನಲ್ಲಿ ಬೇರೆ ಹೋಟೆಲಿಗೆ ಫೋನ್ ಮಾಡುವವರಿಗೆ ನನ್ನ ಅನುಭವದ ಎರಡು ಮಾತು. ವೀಗನ್ನೇ, ವೆಜ್ಜೇ ಎಂದು ಕೇಳಬೇಡಿ, ಹೌದು ಎಂಬ ಉತ್ತರವೇ ಬರುತ್ತದೆ. ಉಪ್ಪಿಗೆ ಏನು ಹಾಕುತ್ತೀರಿ, ಮಸಾಲೆ ಅರೆಯುತ್ತೀರೋ ಡಬ್ಬಿಯದೋ ಎಂದು ಕೇಳಿ. ಡಬ್ಬಿಯದಾದರೆ ಹಿಂದಿನ ಚೀಟಿಯ ಫೋಟೊ ಕಳಿಸಿ ಎನ್ನಿ. ಕಳಿಸಲು ಹಿಂಜರಿದರೆ ಅಲ್ಲಿಗೇ ಬಿಟ್ಟುಬಿಡಿ. ತೋಫು ಬೇಕಾದರೆ ತೋಫು ಎಂದೇ ಹೇಳಿ, ಪನೀರ್ ಎಂಬ ಪದ ಬಾಯಿಗೆ ಬರಕೂಡದು. ಮತ್ತೆ ಸ್ಟೀಲ್ ಡಬ್ಬಿ ನಿಮ್ಮದೇ ಒಯ್ಯಿರಿ.

ಮಳೆ ಹಿಡಿದ ಮೇಲೆ ಕುಡ್ಲೆಯ ದಾರಿಯ ಆ ಹಂಚಿನ ಮನೆ ಬಾಗಿಲು ಹಾಕುತ್ತದೆ, ಮತ್ತೆ ಒಲೆ ಹೊತ್ತುವುದು ದೀಪಾವಳಿಯ ಹೊತ್ತಿಗೆ. ಅದಕ್ಕೂ ಮೊದಲು ಮೇ ತಿಂಗಳಲ್ಲಿ ಒಮ್ಮೆ ಅಲ್ಲಿಗೆ ಹೋಗುವುದಿದೆ. ಜಿಗುಟು ಅಕ್ಕಿಗೆ ಕಾಯಿಹಾಲು ಕೂಡಿಸಿ ಮಾವಿನಹಣ್ಣಿನ ಜೊತೆ ಕೊಡುವ ಸಿಹಿಯನ್ನು ಅಂಕೋಲೆಯ ‘ಕರಿ ಇಷಾಡು’ ತಳಿಯ ಹಣ್ಣಿನಲ್ಲಿ ಮಾಡಿಕೊಡುತ್ತೇನೆ ಎಂದು ಆ ಹುಡುಗ ಮಗಳಿಗೆ ಮಾತು ಕೊಟ್ಟಿದ್ದಾನೆ. ಶಿರಸಿಯ ಖಾಲಿ ಕ್ಯಾರಿಯರನ್ನು ಮೊನ್ನೆ ತೊಳೆದು ಬಸ್ಸಿಗೆ ಹಾಕಿದೆವು. ಮೇಲಿನ ಡಬ್ಬಿಯಲ್ಲಿ ಸಾಣಿಕಟ್ಟಾದ ಕಲ್ಲುಪ್ಪು ಎರಡು ಕಿಲೋ ತುಂಬಿದ್ದೆ. ಈ ವರ್ಷದ ಮಿಡಿಗೆ ಅದನ್ನೇ ಹಾಕುತ್ತೇನೆ, ಒಂದು ಬಾಟಲಿ ನೀರು ನಿಮ್ಮ ಮಗಳ ಹೆಸರಿನಲ್ಲಿ ತೆಗೆದಿಡುತ್ತೇನೆ ಎಂದು ಆಕೆ ಸಂಜೆ ಫೋನ್ ಮಾಡಿದ್ದರು.